ಸಾಯುವ ವರ್ಷಕ್ಕೆ ಬಿಟ್ಟ ಜಾಗ

ಸಮಾಧಿ ಕಲ್ಲಿನಲ್ಲಿ 'ರೈಲಿ' ಎಂದು ಕೆತ್ತಿದ್ದರ ಮೇಲೆ ಕಲ್ಲುಕುಟಿಗ ಹೆಬ್ಬೆರಳು ಆಡಿಸಿದ. "ಇದೊಂದನ್ನೇ ತೆಗೆಯೋಕೆ ಆಗಲ್ಲಮ್ಮ. ಆಳವಾಗಿ ಕೆತ್ತಿದಾರೆ. ಕಲ್ಲಿನ ಮುಖ ಪೂರ್ತಿ ಉಜ್ಜಬೇಕು."

ಕುವೋಪಿಯೊ ಊರಿನ ಸ್ಮಶಾನದಲ್ಲಿ ಆ ಕಪ್ಪು ಕಲ್ಲಿನ ಮುಂದೆ ಎಪ್ಪತ್ನಾಲ್ಕರ ರೈಲಿ, ಅವಳ ಗಂಡ ತೈಸ್ತೊ, ಮಗಳು ಮಿನ್ನಾ ನಿಂತಿದ್ದರು. ಗಂಡ ಹೆಂಡತಿ ತಮ್ಮ ಹೆಸರನ್ನೂ ಹುಟ್ಟಿದ ವರ್ಷವನ್ನೂ ಎಂದೋ ಕೆತ್ತಿಸಿಟ್ಟು, ಸಾಯುವ ವರ್ಷಕ್ಕೆ ಜಾಗ ಬಿಟ್ಟಿದ್ದರು. ಹೋದ ವಾರ ಅವರಿಗೆ ವಿಚ್ಛೇದನವಾಗಿತ್ತು.

"ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ಅಮ್ಮ?" ಎಂದಳು ಮಿನ್ನಾ.

"ನೀನು ಮೂವತ್ತಕ್ಕೇ ಗಂಡನ್ನ ಬಿಟ್ಟು ಬಂದೆ, ನಾನು ಕೇಳಿದ್ನಾ? ಆ ವಯಸ್ಸಲ್ಲಿ ನಾನು ಹೊರಟಿದ್ರೆ ನಮ್ಮಮ್ಮ ಬಾಗಿಲೇ ತೆಗೀತಿರ್ಲಿಲ್ಲ. ಹೊರಡೋಕೆ ಇಷ್ಟು ವರ್ಷ ಬೇಕಾಯ್ತು."

"ಉಜ್ಜಪ್ಪಾ, ಉಜ್ಜಿ ಮುಗಿಸು," ಎಂದ ತೈಸ್ತೊ. "ಇವಳ ಹೆಸರು ತಲೆ ಮೇಲೆ ಇಟ್ಕೊಂಡು ಮಲಗೋ ಕರ್ಮ ನನಗ್ಯಾಕೆ?"

"ಮೇಲಿನ ಹೆಸರೂ ಹೋಗತ್ತೆ ಯಜಮಾನ್ರೇ. ಆಮೇಲೆ ಹೊಸದಾಗಿ ಕೆತ್ತಿಕೊಡ್ತೀನಿ."

ಮೇಲಿದ್ದದ್ದು ಪೆತ್ರಿಯ ಹೆಸರು. ಮೂರು ವರ್ಷಕ್ಕೇ ತೀರಿಕೊಂಡ ಅವರ ಮೊದಲ ಮಗ. ರೈಲಿಯ ಬೆರಳು ತಾಗಿ ತಾಗಿ ಆ ಅಕ್ಷರಗಳಿಗೆ ಹಚ್ಚಿದ್ದ ಚಿನ್ನದ ಬಣ್ಣ ಅಳಿಸಿಹೋಗಿತ್ತು. ತೈಸ್ತೊ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ರೈಲಿ ಕೈಗವಸು ಕಳಚಿ ಮಗನ ಹೆಸರನ್ನು ಕೊನೆಯವರೆಗೂ ಸವರಿದಳು.

"ಏನೂ ಉಜ್ಜಬೇಡಿ," ಎಂದಳು. "ನನ್ನ ಹೆಸರು ಇರಲಿ, ಮಗೂಗೆ ಜೊತೆಯಾಗತ್ತೆ. ನಾನು ಇಲ್ಲಿ ಮಲಗೋಕೆ ಬರಲ್ಲ, ಅಷ್ಟೆ."