ಅಮ್ಮನಿಗೊಂದು ಮಫಿನ್

"ಅಪ್ಪಾ, ಒಂದು ಅಮ್ಮಂಗೆ ತಗೊಂಡು ಹೋಗ್ಲಾ?" ಎಂದಳು ಮಗಳು, ತನ್ನ ಬ್ಯಾಗಿನಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆಯುತ್ತ. ಬಿಸಿ ತಟ್ಟೆ ಹಿಡಿದು ನಿಂತಿದ್ದ ಅಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು. ಕೋರ್ಟು ಅವನ ಪಾಲಿಗೆ ಬಿಟ್ಟುಕೊಟ್ಟಿದ್ದು ಭಾನುವಾರದ ಮಧ್ಯಾಹ್ನಗಳನ್ನು ಮಾತ್ರ. ಮಕ್ಕಳ ಹಲ್ಲು ಹಾಳಾಗದಿರಲೆಂದು ಸಕ್ಕರೆ ಬಿಟ್ಟು, ಸಿಪ್ಪೆ ಕಪ್ಪಾಗುವಷ್ಟು ಕಳಿತ ಬಾಳೆಹಣ್ಣು ಕಿವುಚಿ, ಸೇಬು ತುರಿದು ಹಾಕಿ, ಎರಡು ವಾರ ಕರಕಲು ಮಾಡಿ, ಅಂತೂ ಇವತ್ತು ಮಫಿನ್‌ಗಳು ಉಬ್ಬಿದ್ದವು.

"ಅದಕ್ಕೇನು ಪುಟ್ಟಾ, ತಗೋ!" ಇದ್ದುದರಲ್ಲೇ ಚೆಂದದ್ದನ್ನು ಹುಡುಕಿ ಅವಳ ಮುಂದಿಟ್ಟ. "ಪೂರ್ತಿ ಆರ್ಲಿ, ಇಲ್ಲಾಂದ್ರೆ ಕವರಲ್ಲಿ ಬೆವರುತ್ತೆ. ಮೆತ್ತಗಾದ್ರೆ ಅಮ್ಮಂಗೆ ಸೇರಲ್ಲ." ಪಕ್ಕದ ಕುರ್ಚಿಯಲ್ಲಿ ಕಾಲಾಡಿಸುತ್ತಿದ್ದ ಚಿಕ್ಕವನು ಆಗಲೇ ಒಂದನ್ನು ಮುಗಿಸಿ ಇನ್ನೊಂದಕ್ಕೆ ಬಾಯಿ ಹಾಕಿದ್ದ.

ಮಗಳು ಮಫಿನ್ನಿಗೆ ಬೆರಳು ತಾಗಿಸಲಿಲ್ಲ. ಕವರಿನೊಳಗೆ ಕೈ ತೂರಿಸಿ, ಅದರ ಮೇಲಿನಿಂದಲೇ ಹಿಡಿದೆತ್ತಿ, ಕವರನ್ನು ಮಗುಚಿ ಬಿಗಿಯಾಗಿ ಗಂಟು ಹಾಕಿದಳು. ಯಾರೋ ಕೂತು ಹೇಳಿಕೊಟ್ಟ ಹಾಗಿತ್ತು.

"ಅಮ್ಮ ತಿನ್ನಲ್ಲಪ್ಪಾ," ಎಂದಳು, ಗಂಟನ್ನೇ ನೋಡುತ್ತ. "ಲಾಯರ್ ಅಂಕಲ್‌ಗೆ ಕೊಡ್ಬೇಕಂತೆ. ನೀನು ಇದ್ರಲ್ಲಿ ಏನು ಬೆರೆಸ್ತೀಯ ಅಂತ ಟೆಸ್ಟ್ ಮಾಡಿಸ್ತಾರಂತೆ."

ಚಿಕ್ಕವನ ದವಡೆ ನಿಂತಿತು. ಬಾಯಲ್ಲಿದ್ದುದನ್ನು ಅಂಗೈಗೆ ಉಗಿದ. ಅಪ್ಪ ಕೈ ಚಾಚುವಷ್ಟರಲ್ಲಿ ಕುರ್ಚಿಯಿಂದ ಜಾರಿ ಅಕ್ಕನ ಬೆನ್ನ ಹಿಂದೆ ಸೇರಿಕೊಂಡ.

"ಅಕ್ಕಾ, ನಾನು ಆಗ್ಲೇ ಒಂದು ತಿಂದ್ಬಿಟ್ಟೆ. ನಂಗೇನೂ ಆಗಲ್ಲ ಅಲ್ವಾ?"