ಮೀಸೆ ಒರೆಸಿದ ಮೇಲೆ

ಗೋಣಿತಾಟಿನಲ್ಲಿ ಸುತ್ತಿದ ದೃಷ್ಟಿ ಬೊಂಬೆಯನ್ನು ಕಂಕುಳಲ್ಲಿ ಇರುಕಿಕೊಂಡು ನರಸಪ್ಪ ಮೇಷ್ಟರು ಹೊಸೂರು ರಸ್ತೆಯ ಅಂಚಿನಲ್ಲಿ ದಡದಡ ನಡೆದರು. ತಾವು ಹೊತ್ತಿರುವುದು ತಮ್ಮದೇ ಮುಖ ಎಂಬುದರಲ್ಲಿ ಅವರಿಗೆ ಅನುಮಾನ ಉಳಿದಿರಲಿಲ್ಲ.

ಬೆಳಗ್ಗೆ ಹೆಬ್ಬಗೋಡಿಯಲ್ಲಿ ತಮ್ಮ ಹೊಸ ಮನೆಯ ಮುಂದೆ ನಿಂತಿದ್ದಾಗ ಕಾಂಪೌಂಡ್ ಕಟ್ಟುತ್ತಿದ್ದ ಗಾರೆಯವರು ಕಿಸಕ್ಕೆಂದಿದ್ದರು. ಗದರಿದ್ದಕ್ಕೆ ಮೇಸ್ತ್ರಿ ಆವಲಪ್ಪ ತಲೆ ಕೆರೆದುಕೊಂಡಿದ್ದ.

"ಏನಿಲ್ಲ ಮೇಷ್ಟ್ರೇ. ಆ ಬೊಂಬೆ ಮೀಸೆ ನಿಮ್ಮಂಗೇ ಐತೆ ಅಂತವ್ರೆ ಹುಡುಗ್ರು."

ಮೇಷ್ಟರು ತಲೆ ಎತ್ತಿದರು. ಬಾಲ್ಕನಿಯ ಸರಳಿಗೆ ಕಟ್ಟಿದ ತಗಡು. ಹೊರಬಿದ್ದ ಕಣ್ಣುಗುಡ್ಡೆ, ಜೋತ ನಾಲಿಗೆ, ಕಟವಾಯಿಯಲ್ಲಿ ಜೊಲ್ಲು. ನಡುವೆ ತಮ್ಮದೇ ಹುರಿಮೀಸೆ.

ಶುಕ್ರವಾರ ಗೃಹಪ್ರವೇಶ. ದೊಡ್ಡನೆಕ್ಕುಂದಿಯಿಂದ ನೆಂಟರೆಲ್ಲ ಬರುವವರು. ಅರ್ಧ ಜನ ಅವರ ಕೈಯಲ್ಲೇ ಡ್ರಾಯಿಂಗ್ ಕಲಿತವರು. ಒಬ್ಬ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದರೆ ಮುಗಿಯಿತು, ಇನ್ನು ಸಾಯುವವರೆಗೂ ಅವರು ದೃಷ್ಟಿ ಬೊಂಬೆ ಮೇಷ್ಟ್ರು.

"ಯಾರಯ್ಯಾ ಬರೆದದ್ದು?"

"ವೇಣಿ ಅಂತ. ಮೋರಿ ಪಕ್ಕದ ಶೆಡ್ಡು. ಯಾವಾಗ್ಲೂ ಬಾಯಿಗೆ ಬಟ್ಟೆ ಕಟ್ಕೊಂಡೇ ಇರ್ತಾಳೆ, ನೋಡಿದ್ರೆ ಗೊತ್ತಾಯ್ತದೆ."

ಶೆಡ್ಡಿನ ಮುಂದೆ ಮೋರಿಯ ಕೊಳೆತ ನಾತಕ್ಕೆ ಬಣ್ಣದ ತಿನ್ನರ್ ವಾಸನೆ ಬೆರೆತಿತ್ತು. ಪಕ್ಕದ ಕೋಳಿ ಅಂಗಡಿಯ ಒದ್ದೆ ಪುಕ್ಕ ಹಾರಿ ಬಂದು ಮೇಷ್ಟರ ಚಪ್ಪಲಿಗೆ ಅಂಟಿತು. ಟವೆಲನ್ನು ಮೂಗಿಗೆ ಹಿಡಿದು ಶೆಡ್ಡಿನೊಳಗೆ ಬಗ್ಗಿ ನೋಡಿದರು. ಗೋಡೆಯ ತುಂಬ ತಗಡುಗಳು. ಎಲ್ಲದರಲ್ಲೂ ಅದೇ ಮುಖ. ಅವೆಲ್ಲ ಬಾಯಿ ತೆರೆದು ಅವರನ್ನೇ ನೋಡಿ ನಗುತ್ತಿದ್ದವು.

ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತ ಹೆಂಗಸು ಮೂಗಿನಿಂದ ಕೆಳಕ್ಕೆ ದುಪಟ್ಟಾ ಬಿಗಿದಿದ್ದಳು. ಅವಳ ಎದುರಿಗೆ ಮೊಳೆಗೆ ತೂಗುಹಾಕಿದ ಸಣ್ಣ ಕನ್ನಡಿ. ಅದರೊಳಗೆ ಮೇಷ್ಟರಿಗೆ ತಮ್ಮ ಮೀಸೆ ಕಂಡಿತು. ಹೀಗೋ ಕಳ್ಳತನ!

"ದಿನಾ ಈ ದಾರೀಲೇ ಸೈಟಿಗೆ ಹೋಗ್ತೀನಿ ನಾನು. ಈ ಕನ್ನಡೀಲಿ ನೋಡ್ಕೊಂಡು ಬರೆದೆಯಾ?"

ಕುಂಚ ನಿಂತಿತು. ಅವಳು ತಿರುಗಿ ಅವರ ಮುಖ ನೋಡಿದಳು.

"ಊಂ. ಕನ್ನಡಿ ನೋಡ್ಕೊಂಡೇ ಬರಿಯೋದು."

"ನಾಚಿಕೆ ಆಗಲ್ವಾ?"

"ಆಯ್ತದೆ. ಮೊದ್ಲಿಂದ್ಲೂ ಆಯ್ತದೆ."

ಟೀ ತಂದ ಪಕ್ಕದಂಗಡಿಯ ಅನುಸೂಯಮ್ಮ ನಡುವೆ ಬಾಯಿ ಹಾಕಿದಳು. "ಬೈಬ್ಯಾಡಿ ಸಾರ್. ಕೈ ಸಕ್ಕತ್ತಾಗೈತೆ ಇವಳ್ದು. ಲಕ್ಷ್ಮಿ ಬರಿ, ಹೂವು ಬರಿ ಅಂದ್ರೆ ಕೇಳಾಕಿಲ್ಲ. ನಂಗೆ ಇದೊಂದೇ ಬರೋದು ಅಂತಾಳೆ."

ವೇಣಿ ಗೋಡೆಯ ಕಡೆ ತಿರುಗಿ, ಬಟ್ಟೆಯ ಅಂಚನ್ನು ಚೂರೇ ಎತ್ತಿ ಟೀ ಕುಡಿದಳು. ಎಂಥ ಸೊಕ್ಕು, ಅಂದುಕೊಂಡರು ಮೇಷ್ಟರು. ಗೋಣಿತಾಟು ಬಿಚ್ಚಿ ಬೊಂಬೆಯನ್ನು ಅವಳ ಮುಂದೆ ಕುಕ್ಕಿದರು. ಹೆಬ್ಬೆರಳನ್ನು ನಾಲಿಗೆಗೆ ಒತ್ತಿ, ಎಂಜಲು ಹಚ್ಚಿ, ಮೀಸೆಯನ್ನು ಉಜ್ಜಲು ಹೋದರು. ಕ್ಲಾಸಿನಲ್ಲಿ ಮಕ್ಕಳ ಚಿತ್ರ ಕೆಟ್ಟಾಗ ಅವರು ಅಳಿಸುತ್ತಿದ್ದುದೇ ಹಾಗೆ.

ಅವಳು ತಗಡನ್ನು ಸರಕ್ಕನೆ ಎಳೆದುಕೊಂಡಳು. "ಎಂಜಲು ಹಚ್ಬೇಡಿ ಮೇಷ್ಟ್ರೇ."

ತಾವು ಮೇಷ್ಟರೆಂದು ಅವರು ಹೇಳಿಯೇ ಇರಲಿಲ್ಲ.

"ಓಹೋ! ನನ್ನ ಹತ್ರಾನೇ ಓದಿದವಳು. ಎಂದೋ ಎರಡೇಟು ಬಿದ್ದಿರಬೇಕು, ಅದಕ್ಕೆ ಹಿಂಗೆ ಸೇಡು ತೀರಿಸ್ಕೊಳ್ತಿದ್ದೀಯ. ನನ್ನ ಮುಖಾನ ಬೀದಿ ಬೀದೀಲಿ ನೇತು ಹಾಕಿ!"

"ನೀವು ಕಲ್ಸಿದ್ದನ್ನೇ ಬರ್ದಿದೀನಿ."

"ಒರೆಸು. ನನ್ನ ಕಣ್ಣೆದುರಿಗೇ ಒರೆಸು ಆ ಮೀಸೇನ."

"ಮೀಸೆ ಗಿರಾಕಿ ಕೇಳ್ತಾರೆ ಅಂತ ಕೊನೇಲಿ ಹಾಕೋದು," ಎನ್ನುತ್ತ ಚಿಂದಿಯನ್ನು ತಿನ್ನರಿನಲ್ಲಿ ಅದ್ದಿ, ಮೆಲ್ಲಗೆ, ಮಗುವಿನ ಮೂಗು ಒರೆಸುವ ಹಾಗೆ ಒರೆಸಿದಳು. ಕಪ್ಪು ಬಣ್ಣ ಕರಗಿ ಹರಿಯಿತು.

ಮೀಸೆಯ ಅಡಿಯಲ್ಲಿ ಇನ್ನೊಂದು ತುಟಿ ಇತ್ತು. ಮೊದಲೇ ಬರೆದು ಮುಗಿಸಿದ ಕೆಂಪು ಮೇಲ್ದುಟಿ. ಅದು ನಟ್ಟನಡುವೆ ಸೀಳಿ, ಮೂಗಿನ ಹೊಳ್ಳೆಯವರೆಗೂ ಬಾಯಿಬಿಟ್ಟಿತ್ತು.

ಮೇಷ್ಟರು ತಮ್ಮ ತುಟಿ ಮುಟ್ಟಿಕೊಂಡರು. ತಮ್ಮದಲ್ಲ. ಆದರೆ ಆ ಮೂಗು! ಕೈ ಎತ್ತದೆ ಒಂದೇ ಎಳೆತಕ್ಕೆ ಎರಡೂ ಹೊಳ್ಳೆ ತೀಡಿದ ಮೂಗು. ಹಾಗೆ ಬರೆಯುತ್ತಿದ್ದವರು ಇಡೀ ಸ್ಕೂಲಿನಲ್ಲಿ ತಾವೊಬ್ಬರೇ. ಸೀಮೆಸುಣ್ಣದ ಪುಡಿ, ಮಕ್ಕಳ ನಗು, ಮುಂದಿನ ಬೆಂಚಿನಲ್ಲೊಂದು ಸೀಳುತುಟಿಯ ಪುಟ್ಟ ಹುಡುಗಿ, ಎಲ್ಲ ನೆನಪಾದವು. ಅವಳು ತನ್ನ ಮುಖವನ್ನು ತಾನೇ ಬರೆದು ತಂದಿದ್ದಳು, ತುಟಿಯನ್ನು ಮಾತ್ರ ನೆಟ್ಟಗೆ ಮಾಡಿ. ಸುಳ್ಳು ಬರೆಯಬಾರದು ಎಂದು ಅದನ್ನು ಎಂಜಲು ಬೆರಳಿನಲ್ಲಿ ತಿಕ್ಕಿ ಹಾಕಿದ್ದರು. ಆಮೇಲೆ ಬೋರ್ಡಿನ ಕಡೆ ತಿರುಗಿ, ನಿಜವಾಗಿ ನಿನ್ನ ಮುಖ ಹೇಗಿದೆ ನೋಡು ಎಂದು ಬರೆದು ತೋರಿಸಿದ್ದರು. ನಾಲಿಗೆ, ಜೊಲ್ಲು ಎಲ್ಲ ಸೇರಿಸಿ.

ಅನುಸೂಯಮ್ಮ ಲೋಟ ತೆಗೆದುಕೊಂಡು ಹೊರಗೆ ಹೋದಳು.

ವೇಣಿ ದುಪಟ್ಟಾದ ಗಂಟು ಬಿಚ್ಚಿದಳು. ಅಲ್ಲೊಂದು ಸಾದಾ ಮುಖವಿತ್ತು. ತುಟಿಯ ಮೇಲೆ ಹಳೆಯ ಹೊಲಿಗೆಯ ಸಣ್ಣ ಗೆರೆ, ಅಷ್ಟೇ. ಅವಳು ತಗಡನ್ನು ಎರಡೂ ಕೈಯಲ್ಲಿ ಎತ್ತಿ, ತನ್ನ ಕೆನ್ನೆಯ ಪಕ್ಕಕ್ಕೆ ಹಿಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಮಾರ್ಕ್ಸಿಗೆ ಕಾಯುವ ಹುಡುಗಿಯ ಅಂಜಿಕೆಯಿತ್ತು.

"ಈಗ ಸರಿಯಾಗಿ ಬಂದೈತಾ ಮೇಷ್ಟ್ರೇ, ನನ್ನ ಮುಖ?"