ಹೀಲ್ಸ್ ಬ್ಯಾಡ

"ತಗಿ ಆ ಹೀಲ್ಸ್! ಹುಡುಗ ಗಿಡ್ಡ ಅದಾನಂತ ಎಷ್ಟ್ ಸಲ ಹೇಳಬೇಕ ನಿನಗ?" ಇಚಲಕರಂಜಿಯ ಗುಡಿ ಮುಂದೆ ರಿಕ್ಷಾ ಇಳಿಯುತ್ತಲೇ ಚೆನ್ನವ್ವ ಮಗಳ ಮೇಲೆ ಹರಿಹಾಯ್ದಳು. ಹೆಣ್ಣು ನೋಡುವವರು ಗುಡಿಗೇ ಬರುವವರಿದ್ದರು. ವೃಷಾಲಿಗೆ ತಲೆ ಕೆಟ್ಟುಹೋಯಿತು. ಕಾಲೇಜಿಗೆ ಸ್ಯಾಂಡಲ್, ಹಬ್ಬಕ್ಕೆ ಕೊಲ್ಹಾಪುರಿ, ಮದುವೆ ಮನೆಗೆ ಹೀಲ್ಸ್ ಅಂತ ಕೊಡಿಸಿದ್ದ ಇದೇ ಅವ್ವ ಈಗ ಚೀಲದಿಂದ ಬಚ್ಚಲ ಸ್ಲಿಪ್ಪರ್ ತೆಗೆದಿದ್ದಳು.

"ಇಳಕಲ್ ಸೀರಿ ಮ್ಯಾಲ ಇದನ್ನ ಹಾಕ್ಕೊಳ್ಲೇನು? ಗುಡಿಯೊಳಗ ಹೋಗೂಮುಂದ ಹೆಂಗೂ ಬಿಚ್ಚೂದ ಐತಲ್ಲವ್ವಾ!"

"ಮೊದಲ ಹೊರಗ ನೋಡ್ತಾರ, ಸುಮ್ನ ಹಾಕ್ಕೋ."

ಹಲ್ಲು ಕಚ್ಚಿ ಅದನ್ನೇ ಮೆಟ್ಟಿಕೊಂಡು ಹೋದರೆ, ಮೆಟ್ಟಿಲ ಹತ್ತಿರ ತನ್ನ ತಾಯಿಯ ಜೊತೆ ನಿಂತಿದ್ದ ಹುಡುಗ ಸೂರಜ ಅವಳಿಗಿಂತ ಒಂದು ಬೆರಳು ಎತ್ತರವೇ ಇದ್ದ! ವೃಷಾಲಿ ಅವ್ವನನ್ನು ನುಂಗುವ ಹಾಗೆ ನೋಡಿದಳು. ಅಷ್ಟರಲ್ಲಿ ಪೂಜಾರಿ ಒಳಗೆ ಕರೆದರು. ಸೂರಜ ಬೂಟು ಬಿಚ್ಚಿ ನೆಲಕ್ಕೆ ಕಾಲಿಟ್ಟ, ಇಟ್ಟವನೇ ಅವಳ ಹಣೆಮಟ್ಟಕ್ಕೆ ಇಳಿದುಬಿಟ್ಟ. ಬೂಟಿನೊಳಗಿಂದ ದಪ್ಪನೆಯ ರಬ್ಬರ್ ಅಟ್ಟೆ ಇಣುಕುತ್ತಿತ್ತು. ಅವನ ತಾಯಿ ಗೋಪುರ ನೋಡತೊಡಗಿದಳು.

"ನಮ್ಮವ್ವ ಹಾಕ್ಸ್ಯಾಳ್ರಿ," ಅಂದ ಸೂರಜ, ರೋಸಿಹೋದ ದನಿಯಲ್ಲಿ.

ವೃಷಾಲಿ ಸ್ಲಿಪ್ಪರ್ ಬಿಚ್ಚಿ, ಕಾಲಿನಿಂದಲೇ ಅವನ ಬೂಟಿನ ಮಗ್ಗುಲಿಗೆ ಸರಿಸಿದಳು.

"ಇವನ್ನೂ ನಮ್ಮವ್ವನ ಹಾಕ್ಸ್ಯಾಳ್ರಿ."